ಅಲೆಯ ಸದ್ದು

ಹಾಸ್ಟೆಲ್ ಬಿಟ್ಟು 12 ವರ್ಷವಾದ ಮೇಲೆ ಗೆಳೆಯರು ಐದೂ ಜನ ಗೋಕರ್ಣದಲ್ಲಿ ಸೇರಿದ್ವಿ. ರೂಮು ಬುಕ್ ಮಾಡುವಾಗ ನೋಡಿದ ಫೋಟೋದಲ್ಲಿ ಕಿಟಕಿಯಾಚೆ ಕಡಲು. ಹೋಗಿ ನೋಡಿದರೆ ಕಾಂಪೌಂಡ್ ಗೋಡೆ, ಅದಕ್ಕೆ ಒತ್ತಿಕೊಂಡು ಜನರೇಟರ್. ಸಂಜೆ ಏಳಕ್ಕೆ ಬೀಚಿನ ಕಡೆಯ ಗೇಟಿಗೆ ಬೀಗ. ಊಟಕ್ಕೆ ಬಂಗಡೆ ಕೇಳಿದರೆ ಇಲ್ಲ, ಕುಚ್ಚಲಕ್ಕಿ ಅನ್ನವೂ ಇಲ್ಲ. ಪನೀರ್ ಬಟರ್ ಮಸಾಲ ಇತ್ತು. ಕರಾವಳಿಯ ಊಟ ಕರಾವಳಿಯಲ್ಲೇ ಸಿಗದಿದ್ದರೆ ಇನ್ನೆಲ್ಲಿ ಹುಡುಕಬೇಕು?

ದುಡ್ಡು ಹೋಯಿತಲ್ಲ ಅಂತ ಸಂಕಟವಲ್ಲ. ನಮ್ಮಲ್ಲೊಬ್ಬ ವಿಜಯಪುರದವನು, ಅಲ್ಲಿಯವರೆಗೂ ಸಮುದ್ರವನ್ನೇ ನೋಡಿರಲಿಲ್ಲ. "ಒಮ್ಮೆರ ತೆರಿ ಸಪ್ಪಳ ಕೇಳಕೋತ ಮಲಗಬೇಕಲೇ" ಅಂತ ಹಾಸ್ಟೆಲಿನಲ್ಲಿದ್ದಾಗಿಂದ ಹೇಳುತ್ತಿದ್ದ. ಆ ರಾತ್ರಿಯಿಡೀ ಕೇಳಿಸಿದ್ದು ಜನರೇಟರ್ ಗುರುಗುಟ್ಟುವುದು ಮಾತ್ರ. ಅವನು ಒಂದು ಮಾತೂ ಆಡಲಿಲ್ಲ. ರೂಮು ಬುಕ್ ಮಾಡಿದ್ದು ನಾನು. ಅವನು ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತೇನೋ. ಬಾಡಿಗೆಗೆ ಕೊಡುವವರು ಗೋಡೆಯನ್ನೂ ಫೋಟೋದಲ್ಲಿ ತೋರಿಸಬೇಕು. ಜನ ವರ್ಷಗಟ್ಟಲೆ ಕೂಡಿಟ್ಟ ಆಸೆ ಹೊತ್ತು ಬರುತ್ತಾರೆ.

ಬೆಳಕು ಹರಿಯುತ್ತಲೇ ಎಲ್ಲರನ್ನೂ ಎಬ್ಬಿಸಿ ಕುಡ್ಲೆ ಬೀಚಿನಿಂದ ಗುಡ್ಡ ಹತ್ತಿಸಿ ಓಂ ಬೀಚಿಗೆ ಕರೆದೊಯ್ದೆ. ಮೇಲಿನಿಂದ ಎರಡು ಅರ್ಧಚಂದ್ರ ಜೋಡಿಸಿಟ್ಟಂಥ ದಡ, ನಡುವೆ ಬಂಡೆಗಳು. ಅವನು ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡ. ಎಷ್ಟೋ ಹೊತ್ತಾದ ಮೇಲೆ, "ಈಗ ಕೇಳಾಕತ್ತೈತಿ ನೋಡಲೇ" ಅಂದ.

ಹನ್ನೊಂದಕ್ಕೆ ರೂಮು ಖಾಲಿ ಮಾಡಬೇಕಿತ್ತು. ಹನ್ನೆರಡಾದರೂ ನಾವು ಅಲ್ಲಿಂದ ಏಳಲಿಲ್ಲ.