ಯಾವ ಗೇಟಿಂದ ಬಿಟ್ರು?

ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದ ನನಗೆ ಐಸ್ ಅಂದ್ರೆ ಚನ್ನಬಸವೇಶ್ವರ ಜಾತ್ರೇಲಿ ಸಿಗ್ತಿದ್ದ ಐಸ್ ಕ್ಯಾಂಡಿ, ಅಷ್ಟೇ. ಐಸ್ ಮೇಲೆ ಹಾಕಿನೂ ಆಡ್ತಾರೆ, ಅದಕ್ಕೆ ಜನ ಪ್ರಾಣ ಬಿಡ್ತಾರೆ ಅನ್ನೋದು ತಲೆಗೆ ಹೋಗಿದ್ದು ಕೆನಡಾದ ಕ್ಲೈಂಟ್ ಸಿಕ್ಕ ಮೇಲೆ. ಸೋಮವಾರದ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಅವರಿಗೆ ಅದೇ ಮಾತು. ಸುಮ್ಮನೆ ತಲೆ ಆಡಿಸಿ ಆಡಿಸಿ ಬೇಜಾರಾಗಿ ನಾನೂ ಓದೋಕೆ ಕೂತೆ. ಆಟ ಇವತ್ತಿಗೂ ಪೂರ್ತಿ ಅರ್ಥ ಆಗಲ್ಲ. ಅದರ ಲೆಕ್ಕಾಚಾರದ ಹುಚ್ಚು ಮಾತ್ರ ಹಿಡೀತು.

ಐಸ್ ಅಂಗಳದ ಉದ್ದ 200 ಅಡಿ. ಎರಡು ನೀಲಿ ಗೆರೆ ಎಳೆದು ಮೂರು ಭಾಗ ಮಾಡಿರ್ತಾರೆ: ನಮ್ಮ ಗೋಲ್ ಇರೋ ಕಡೆ, ಅವರ ಗೋಲ್ ಇರೋ ಕಡೆ, ನಡುವೆ ಯಾರದ್ದೂ ಅಲ್ಲದ ಜಾಗ. ಒಬ್ಬ ಆಟಗಾರ ಒಂದು ಸಲ ಇಳಿದ್ರೆ ಮುಕ್ಕಾಲು ನಿಮಿಷ ಆಡಿ ಹೊರಗೆ ಬರ್ತಾನೆ, ಇನ್ನೊಬ್ಬ ಇಳೀತಾನೆ. ಗೋಲುಗಳು ಕಮ್ಮಿ. ಹಾಗಾಗಿ ಬರೀ ಗೋಲು ಎಣಿಸಿದ್ರೆ ಯಾರು ಚೆನ್ನಾಗಿ ಆಡಿದ್ರು ಅಂತ ಗೊತ್ತಾಗಲ್ಲ. ಅದಕ್ಕೇ ಒಬ್ಬ ಆಟಗಾರ ಐಸ್ ಮೇಲಿದ್ದಾಗ ನಮ್ಮವರು ಗೋಲ್ ಕಡೆ ಎಷ್ಟು ಸಲ ಹೊಡೆದ್ರು, ಅವರು ಎಷ್ಟು ಸಲ ಹೊಡೆದ್ರು ಅಂತ ಎಣಿಸ್ತಾರೆ. ಒಳಗೆ ಹೋಗಿದ್ದು, ಪಕ್ಕಕ್ಕೆ ಹೋಗಿದ್ದು, ಯಾರದೋ ಕಾಲಿಗೆ ಬಡಿದು ನಿಂತಿದ್ದು, ಎಲ್ಲಾ ಲೆಕ್ಕಕ್ಕೆ. ಇದಕ್ಕೆ ಕೋರ್ಸಿ ಅಂತ ಹೆಸರು. ಬಫಲೋ ಸೇಬರ್ಸ್ ತಂಡದಲ್ಲಿ ಗೋಲ್‌ಕೀಪರ್‌ಗಳಿಗೆ ಕೋಚ್ ಆಗಿದ್ದ ಜಿಮ್ ಕೋರ್ಸಿಯ ಹೆಸರು. ನೂರಕ್ಕೆ 50 ದಾಟಿದ್ರೆ ಚೆಂಡು, ಅಂದ್ರೆ ಅವರ ಪಕ್, ಹೆಚ್ಚು ಹೊತ್ತು ನಿಮ್ಮ ಕೈಲಿತ್ತು ಅಂತ ಅರ್ಥ.

ಈಗ ಮ್ಯಾನಿ ಮಲ್ಹೋತ್ರಾ ಕಥೆ ಕೇಳಿ. ತಂದೆ ಪಂಜಾಬಿ ಮೂಲದವರು, ಹುಟ್ಟಿ ಬೆಳೆದಿದ್ದು ಕೆನಡಾದಲ್ಲಿ. 2011-12ರಲ್ಲಿ ವ್ಯಾಂಕೂವರ್ ಕೆನಕ್ಸ್ ತಂಡದಲ್ಲಿದ್ದ. ಅದೇ ತಂಡದಲ್ಲಿ ಸ್ವೀಡನ್ನಿನ ಅವಳಿ ಅಣ್ಣತಮ್ಮಂದಿರು, ಹೆನ್ರಿಕ್ ಮತ್ತೆ ಡೇನಿಯಲ್ ಸೆಡಿನ್. ಕೋಚ್ ಅಲೇನ್ ವಿನ್ಯೋ ಒಂದು ಪ್ಲಾನ್ ಮಾಡಿದ್ದ. ಆಟ ನಿಂತು ಮತ್ತೆ ಶುರು ಆಗೋದು ಎದುರಾಳಿ ಗೋಲ್ ಹತ್ತಿರ ಆದ್ರೆ ಸೆಡಿನ್‌ಗಳನ್ನ ಇಳಿಸೋದು, ನಮ್ಮ ಗೋಲ್ ಹತ್ತಿರ ಆದ್ರೆ ಮಲ್ಹೋತ್ರಾನ್ನ ಇಳಿಸೋದು. ನಡುಭಾಗ ಬಿಟ್ಟು ಲೆಕ್ಕ ಹಾಕಿದ್ರೆ ಸೆಡಿನ್‌ಗಳು ಹತ್ತರಲ್ಲಿ ಎಂಟರ ಹತ್ತಿರ ಸಲ ಎದುರಾಳಿ ಗೋಲ್ ಬಳಿ ಶುರು ಮಾಡ್ತಿದ್ರು. ಮಲ್ಹೋತ್ರಾಗೆ ಹತ್ತರಲ್ಲಿ ಎರಡು ಸಲವೂ ಆ ಭಾಗ್ಯ ಇರಲಿಲ್ಲ. ಇಂಥವನ ಕೋರ್ಸಿ ಹೇಗೆ ಚೆನ್ನಾಗಿ ಬರುತ್ತೆ? ಇಳಿದ ಕ್ಷಣವೇ ತಲೆ ಮೇಲೆ ಹೊಡೆತ ಶುರು.

ನನಗೆ ನಾಟಿದ್ದು ಇನ್ನೊಂದು ವಿಷಯ. ಅವನನ್ನ ಅಲ್ಲಿ ಇಳಿಸ್ತಿದ್ದಿದ್ದು ಕೈಲಾಗದವನು ಅಂತ ಅಲ್ಲ. ಪಕ್ ಕೆಳಗೆ ಬಿಟ್ಟಾಗ ಮೊದಲು ಕಿತ್ಕೊಳ್ಳೋದರಲ್ಲಿ ಅವನು ನಿಪುಣ, ಕೋಚ್‌ಗೆ ಅವನ ಮೇಲೆ ನಂಬಿಕೆ. ಆ ನಂಬಿಕೆಯೇ ಅವನ ಅಂಕಿಅಂಶ ಹಾಳು ಮಾಡ್ತು.

ಹಾಕಿ ಬೇಡ ಅನ್ನೋರಿಗೆ ನಮ್ಮ ಕೆ.ಎಲ್. ರಾಹುಲ್ ಇದ್ದಾರೆ. 2023ರ ವಿಶ್ವಕಪ್. ಬೆಂಗಳೂರಲ್ಲಿ ನೆದರ್ಲೆಂಡ್ಸ್ ಮೇಲೆ 64 ಬಾಲಿಗೆ 102. ಒಂದು ವಾರ ಬಿಟ್ಟು ಅಹಮದಾಬಾದ್ ಫೈನಲ್‌ನಲ್ಲಿ 107 ಬಾಲಿಗೆ 66, ಒಂದೇ ಒಂದು ಫೋರ್. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಆವತ್ತು ಬೈದಿದ್ದೇ ಬೈದಿದ್ದು. ಮೊದಲ ಮ್ಯಾಚಲ್ಲಿ ರಾಹುಲ್ ಬಂದಾಗ ಸ್ಕೋರ್ 3 ವಿಕೆಟ್‌ಗೆ 200, ಎರಡನೇದರಲ್ಲಿ 3 ವಿಕೆಟ್‌ಗೆ 81. ಎರಡರಲ್ಲೂ ಐದನೇ ನಂಬರ್. ಸ್ಟ್ರೈಕ್ ರೇಟ್ ಅನ್ನೋ ಕಾಲಂ ಅದನ್ನೆಲ್ಲ ಹೇಳಲ್ಲ.

ನಮ್ಮ ಆಫೀಸಿನ ಶೀಟೂ ಹೇಳಲ್ಲ. ನಾನು ಲೀಡ್ ಆಗಿರೋದ್ರಿಂದ ವರ್ಷಕ್ಕೊಂದು ಸಲ ಹುಡುಗರಿಗೆ ರೇಟಿಂಗ್ ಕೊಡಬೇಕು. ಈ ಸಲ ಒಂದೇ ಪ್ರಮೋಷನ್, ಇಬ್ಬರು ಕಣದಲ್ಲಿ. ಒಬ್ಬ ಜಯನಗರದ ಹುಡುಗ, ಹೊಸ ಫೀಚರ್ ಬರೆಯೋ ಟೀಮಲ್ಲಿದ್ದಾನೆ. ಇನ್ನೊಬ್ಬಳು ಕುಣಿಗಲ್ ಹುಡುಗಿ, ಎರಡು ವರ್ಷದಿಂದ ರಾತ್ರಿ ಪಾಳಿಯ ಪ್ರೊಡಕ್ಷನ್ ಸಪೋರ್ಟ್. ಅವನ ಶೀಟಲ್ಲಿ ಬರೀ ರಿಲೀಸು, ಕ್ಲೈಂಟ್ ಮೆಚ್ಚುಗೆ. ಇವಳದರಲ್ಲಿ ಎಸ್ಕಲೇಷನ್, ತಡವಾದ ಟಿಕೆಟ್. ಅವಳನ್ನ ರಾತ್ರಿಗೆ ಹಾಕಿದ್ದು ಯಾಕೆ ಅಂದ್ರೆ ಬೇರೆ ಯಾರನ್ನ ಹಾಕಿದ್ರೂ ಮೂರು ಗಂಟೆಗೆ ನಮ್ಮ ಮ್ಯಾನೇಜರ್ ಫೋನ್ ಹೊಡ್ಕೊಳ್ಳುತ್ತೆ.

ಹಾಗಂತ ಅವಳಿಗೆ ಸುಮ್ಮನೆ ಮಾರ್ಕ್ಸ್ ಸೇರಿಸೋಕೂ ಮನಸ್ಸಾಗಲಿಲ್ಲ. ಹಾಕಿಯವರೂ ಮೊದಮೊದಲು ಶುರುವಿನ ಜಾಗಕ್ಕೆ ಸಿಕ್ಕಾಪಟ್ಟೆ ರಿಯಾಯಿತಿ ಕೊಟ್ರು. ಆಮೇಲೆ ಕೂತು ನೋಡಿದ್ರೆ ಅದು ಜಾಸ್ತಿ ಆಗಿತ್ತು. ಆಟಗಾರರು ಬಹಳಷ್ಟು ಸಲ ಇಳಿಯೋದು ಆಟ ನಡೀತಿರುವಾಗಲೇ, ಅದಕ್ಕೆ ಶುರುವಿನ ಜಾಗ ಅಂತಲೇ ಇಲ್ಲ. ಇನ್ನು ಗೋಲ್ ಪಕ್ಕ ಶುರು ಮಾಡಿದ್ರ ಪ್ರಭಾವ ಮೊದಲ ಹತ್ತಿಪ್ಪತ್ತು ಸೆಕೆಂಡಿನಲ್ಲೇ ಹೆಚ್ಚು, ಆಮೇಲೆ ಕರಗಿಹೋಗುತ್ತೆ. ಮಲ್ಹೋತ್ರಾ, ಸೆಡಿನ್ ಥರ ವಿಪರೀತ ಇದ್ದವರಿಗೆ ಇದು ದೊಡ್ಡ ವಿಷಯ, ಉಳಿದವರಿಗೆ ಅಷ್ಟಿಲ್ಲ. ಅದಕ್ಕೇ ಕೆಲವರು ಆ ಮೊದಲ ಸೆಕೆಂಡುಗಳನ್ನ ಕಿತ್ತುಹಾಕಿ ಮಿಕ್ಕಿದ್ದನ್ನ ಮಾತ್ರ ಎಣಿಸಿದ್ರು.

ಇದನ್ನ ಓದ್ತಾ ತುಮಕೂರಿನ ಕಾಲೇಜು ನೆನಪಾಯ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿಇ ಮೊದಲ ವರ್ಷ ಪ್ರಶ್ನೆ ಅರ್ಥ ಆಗೋ ಹೊತ್ತಿಗೆ ಅರ್ಧ ಪೇಪರ್ ಮುಗೀತಿತ್ತು. ಐದನೇ ಸೆಮಿಸ್ಟರಿಗೆ ಸಿಟಿ ಹುಡುಗರಿಗೂ ನಮಗೂ ಏನೂ ವ್ಯತ್ಯಾಸ ಇರಲಿಲ್ಲ. ಆದ್ರೆ ಕ್ಯಾಂಪಸ್ಸಿಗೆ ಬಂದ ಕಂಪನಿ ಎಲ್ಲಾ ಸೆಮಿಸ್ಟರ್ ಕೂಡಿಸಿ ಅಗ್ರಿಗೇಟ್ 60 ಕೇಳ್ತು. ನಮ್ಮ ರೂಮಿನ ಇಬ್ಬರು 58ಕ್ಕೆ, 59ಕ್ಕೆ ನಿಂತ್ರು. ಕೊನೇ ವರ್ಷದ ಮಾರ್ಕ್ಸ್ ಮಾತ್ರ ನೋಡಿದ್ರೆ ಇಬ್ಬರೂ ನನಗಿಂತ ಮುಂದೆ.

ಅವಳ ಟಿಕೆಟ್‌ಗಳಿಗೂ ಅದೇ ಮಾಡಿದೆ. ಬೇರೆ ಟೀಮಿನ ರಿಲೀಸಿಂದ ರಾತ್ರಿ ಕುಸಿದುಬಿದ್ದ ಕೇಸುಗಳನ್ನ ಪಕ್ಕಕ್ಕಿಟ್ಟೆ. ಅದರಲ್ಲಿ ಕೆಲವು ಜಯನಗರದ ಹುಡುಗ ಬರೆದ ಕೋಡೇ, ಅದು ಬೇರೆ ಮಾತು. ಇಬ್ಬರ ನಡುವಿನ ಅಂತರ ಅರ್ಧಕ್ಕಿಂತ ಕಮ್ಮಿ ಆಯ್ತು. ಪೂರ್ತಿ ಹೋಗಲಿಲ್ಲ. ಡಿಸೈನ್ ವಿಷಯದಲ್ಲಿ ಅವನೇ ಒಂದು ಕೈ ಮೇಲು, ಸುಳ್ಳು ಹೇಳೋಕಾಗಲ್ಲ. ಆದ್ರೆ ಅವಳಿಗೆ ಡಿಸೈನ್ ಮಾಡೋ ಕೆಲಸ ನಾವು ಕೊಟ್ಟಿದ್ದು ಯಾವಾಗ?

ಅವಳನ್ನೇ ಕೂರಿಸಿಕೊಂಡು ಇದೆಲ್ಲ ಹೇಳಿದೆ. ಅವಳ ಮನೆ ಕುಣಿಗಲ್ ಸ್ಟಡ್ ಫಾರ್ಮ್ ಹತ್ತಿರ, ಟಿಪ್ಪು ಸೈನ್ಯಕ್ಕೆ ಕುದುರೆ ಸಾಕ್ತಿದ್ರು ಅನ್ನೋ ಜಾಗ. ಐಸ್ ಹಾಕಿ ಕಥೆ ಕೇಳಿ ಅವಳಿಗೆ ಆಶ್ಚರ್ಯ ಏನೂ ಆಗಲಿಲ್ಲ.

"ಸರ್, ರೇಸ್ ಬುಕ್ ನೋಡಿದೀರಾ? ಕುದುರೆ ಹೆಸರಿನ ಪಕ್ಕದಲ್ಲೇ ಎಷ್ಟು ತೂಕ ಹೊತ್ಕೊಂಡು ಓಡುತ್ತೆ, ಯಾವ ಗೇಟಿಂದ ಬಿಡ್ತಾರೆ ಅಂತ ಹಾಕಿರ್ತಾರೆ. ಹ್ಯಾಂಡಿಕ್ಯಾಪ್ ರೇಸಲ್ಲಿ ಚೆನ್ನಾಗಿ ಓಡೋ ಕುದುರೆಗೇ ಜಾಸ್ತಿ ತೂಕ. ಅದಕ್ಕೆ ನೋಡೋರು ಬರೀ ಎಷ್ಟನೇದಾಗಿ ಬಂತು ಅಂತ ನೋಡಲ್ಲ."

"ಸರಿ, ನಿಂಗೇನು ಬೇಕು ಹೇಳು."

"ಈ ಸಲ ಪ್ರಮೋಷನ್ ಅವರಿಗೇ ಹೋದ್ರೂ ಪರವಾಗಿಲ್ಲ ಸರ್. ಆರು ತಿಂಗಳು ನನ್ನ ಆ ಟೀಮಿಗೆ ಹಾಕಿ. ಆಮೇಲೆ ಇಬ್ಬರನ್ನೂ ಅಳೀರಿ."

ಶೀಟಿನಲ್ಲಿ ಒಂದು ಕಾಲಂ ಸೇರಿಸಿ, ಯಾರು ಯಾವ ಪಾಳಿ, ಕೈಗೆ ಬಂದಿದ್ದು ಎಂಥಾ ಕೆಲಸ ಅಂತ ಬರೆದೆ. ರೇಟಿಂಗ್ ಇಬ್ಬರಿಗೂ ಒಂದೇ ಕೊಟ್ಟು, ಅವಳನ್ನ ಫೀಚರ್ ಟೀಮಿಗೆ ಕಳಿಸಬೇಕು ಅಂತ ಕೆಳಗೆ ಹಾಕಿ ಕಳಿಸಿದ್ದೀನಿ. ಮ್ಯಾನೇಜರ್ ಕಡೆಯಿಂದ ಒಂದೇ ಸಾಲಿನ ಉತ್ತರ: ಅವಳು ಹೋದ್ರೆ ರಾತ್ರಿಗೆ ಯಾರು?

ನಾನು ಜಯನಗರದ ಹುಡುಗನ ಹೆಸರು ಬರೆದಿದ್ದೀನಿ. ಅವನಿಗಿನ್ನೂ ಗೊತ್ತಿಲ್ಲ, ಸೋಮವಾರ ಕಾಲ್ ಮುಗಿದ ಮೇಲೆ ಹೇಳಬೇಕು.