ಒಡೆದ ಗ್ಲಾಸು, ಅಳಿಸಿದ ಫೈಲು

ಕಳೆದ ವರ್ಷ ಒಂದು ಸಂಜೆ ನನ್ನ ಮಗಳು ಕಾಲೇಜಿನಿಂದ ಬಂದವಳೇ ಚೀಲವನ್ನು ಸೋಫಾದ ಮೇಲೆ ಎಸೆದು, "ಅಮ್ಮಾ, ನಾಳೆ ಅವನನ್ನು ಕೆಲಸದಿಂದ ತೆಗೆಯುವುದೇ ಸೈ" ಎಂದಳು.

ಇಲ್ಲಿಯ ಉಪನಗರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾ, ಕಂಪ್ಯೂಟರ್ ಲ್ಯಾಬಿನಲ್ಲಿ ದುಡಿಯುವ ಆರು ವಿದ್ಯಾರ್ಥಿಗಳ ಉಸ್ತುವಾರಿಯನ್ನು ಅವಳು ನೋಡಿಕೊಳ್ಳುತ್ತಾಳೆ. ಗಂಟೆ ಲೆಕ್ಕದಲ್ಲಿ ಅವರಿಗೆ ಸ್ವಲ್ಪ ಹಣ ಸಿಗುತ್ತದೆ. ಮರಾಠಿಯಲ್ಲಿ ಇದಕ್ಕೆ 'ಕಮವಾ ಆಣಿ ಶಿಕಾ' ಎನ್ನುತ್ತಾರೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ಹಾಕಿಕೊಟ್ಟ ದಾರಿ ಇದು. ಪೊವಾಯಿಯ ಐ.ಐ.ಟಿ. ಹಾಸ್ಟೆಲುಗಳಲ್ಲೂ ನೆಟ್‌ವರ್ಕ್ ಕೆಟ್ಟರೆ ಮೊದಲು ಬಾಗಿಲು ತಟ್ಟುವುದು 'ಸಿಸ್ಯಾಡ್' ಆಗಿರುವ ವಿದ್ಯಾರ್ಥಿಯದನ್ನೇ.

ಆದದ್ದಿಷ್ಟು. ಕೊನೆಯ ವರ್ಷದ ಹುಡುಗಿಯೊಬ್ಬಳು ವೈರಸ್ ಹೊಕ್ಕ ಪೆನ್ ಡ್ರೈವ್ ತಂದುಕೊಟ್ಟಳು. ಹೊಸದಾಗಿ ಸೇರಿದ ಹುಡುಗ ಒಂದು ಮಾತೂ ಕೇಳದೆ ಅದನ್ನು ಫಾರ್ಮ್ಯಾಟ್ ಮಾಡಿಬಿಟ್ಟ. ಅವಳ ಪ್ರಾಜೆಕ್ಟ್ ಇದ್ದದ್ದು ಅದೊಂದರಲ್ಲೇ! ಫಾರ್ಮ್ಯಾಟ್ ಮಾಡಿದೊಡನೆ ಎಲ್ಲವೂ ಅಳಿಯುವುದಿಲ್ಲವಂತೆ. ಸಾಮಾನ್ಯವಾಗಿ ಹೋಗುವುದು ಪುಸ್ತಕದ ಪರಿವಿಡಿ ಹರಿದ ಹಾಗೆ ಫೈಲುಗಳ ಪಟ್ಟಿ ಮಾತ್ರ. ಮೇಲೆ ಬೇರೇನೂ ಬರೆಯದಿದ್ದರೆ ಬಹುಪಾಲು ಹಿಂದಕ್ಕೆ ಪಡೆಯಬಹುದು. ಹುಡುಗ ಹೆದರಿದ. ಯಾರಿಗೂ ಹೇಳದೆ, ಏನೇನೋ ಫೈಲು ತುಂಬಿ ಮುಚ್ಚಿಡಲು ನೋಡಿದ. ಆಮೇಲೆ ವರದಿ ಸಿಕ್ಕಿತು, ನಕ್ಷೆಗಳು ಸಿಗಲಿಲ್ಲ.

ನನಗೆ ನನ್ನ ಅಪ್ಪ ನೆನಪಾದರು. ಹಗಲು ಮಾಟುಂಗದ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದವರು. (ರಾತ್ರಿ ಶಾಲೆ ಎಂದರೇನೆಂದು ನಿಮ್ಮ ಅಜ್ಜನನ್ನು ಕೇಳಿ ನೋಡಿ, ಮಕ್ಕಳೇ. ಮೊಗವೀರ ಬಂಧುಗಳ ರಾತ್ರಿ ಶಾಲೆ 1908ರಷ್ಟು ಹಳೆಯದು.) ಆ ಹೋಟೆಲಿನಲ್ಲಿ ಗ್ಲಾಸು ಒಡೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಮಾಣಿ ಚೂರುಗಳನ್ನು ಎಂಜಲಿನ ಬಾಲ್ದಿಯಲ್ಲಿ ಅಡಗಿಸಿಟ್ಟ. ಕೈ ಹಾಕಿದ ಅಪ್ಪನ ಅಂಗೈ ಸೀಳಿತು. ಮರುದಿನ ಗಲ್ಲಾದಲ್ಲಿ ಕೂತ ಧಣಿಗಳು ಎಲ್ಲರನ್ನೂ ಕರೆದು, "ಒಡೆದರೆ ದುಡ್ಡಿಲ್ಲ, ಅಡಗಿಸಿದರೆ ಊರಿನ ಬಸ್ಸು" ಎಂದರಂತೆ. ಆ ಗಾಯದ ಗುರುತು ಅಪ್ಪನ ಕೈಯಲ್ಲಿ ಕೊನೆಯವರೆಗೂ ಇತ್ತು.

ಇದನ್ನು ಹೇಳಿ, "ಆ ಹುಡುಗನಿಗೆ ನೀನು ಏನೇನು ಕಲಿಸಿದ್ದೆ?" ಎಂದು ಕೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೇರಿದ ದಿನವೇ ಕೂರಿಸಿಬಿಟ್ಟೆ. ಪರೀಕ್ಷೆಯ ಸಮಯ, ಜನ ಇರಲಿಲ್ಲ" ಎಂದಳು.

ಅವನನ್ನು ತೆಗೆಯಲಿಲ್ಲ. ಅವನ ಪರೀಕ್ಷಾ ಶುಲ್ಕಕ್ಕೆ ಆ ಹಣವೇ ಆಧಾರವೆಂದು ಆಮೇಲೆ ತಿಳಿಯಿತು. ಎರಡು ದಿನ ಮೂವರೂ ಕೂತು ನಕ್ಷೆಗಳನ್ನು ಮತ್ತೆ ಬರೆದರು. ಆ ಹುಡುಗಿ ಅವನೊಡನೆ ಮಾತಾಡಲಿಲ್ಲ, ನಾನಾಗಿದ್ದರೂ ಮಾತಾಡುತ್ತಿರಲಿಲ್ಲ.

ಈಗ ಹೊಸಬರು ಮೊದಲ ವಾರ ಹಿರಿಯರ ಬೆನ್ನ ಹಿಂದೆ ನಿಂತು ನೋಡಬೇಕು. ಬಂದವರ ಕೈಯಿಂದ ಮೌಸ್ ಕಸಿದುಕೊಳ್ಳಬಾರದು, ಅವರಿಂದಲೇ ಮಾಡಿಸಬೇಕು. ಪಾಸ್‌ವರ್ಡ್ ಕೇಳಬಾರದು. ಅಳಿಸುವ ಮೊದಲು ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿ ಪುಸ್ತಕದಲ್ಲಿ ಬರೆಯಬೇಕು. ತಪ್ಪಾದರೆ ಕೂಡಲೇ ಹೇಳಬೇಕು, ಹೇಳಿದವರ ಹಣ ಮುರಿಯುವುದಿಲ್ಲ.

ಈ ವರ್ಷ ಹೊಸಬರಿಗೆ ಕಲಿಸುತ್ತಿರುವವನು ಅದೇ ಹುಡುಗ. ಪೆನ್ ಡ್ರೈವ್ ತಂದವರನ್ನು ಪ್ರತಿ ಇದೆಯೇ ಎಂದು ಮೂರು ಮೂರು ಸಲ ಕೇಳುತ್ತಾನಂತೆ. ಅದರಿಂದ ಸಾಲು ಬಾಗಿಲಾಚೆ ಹೋಗುತ್ತದೆ ಎಂದು ಮಗಳ ಹೊಸ ದೂರು.