ಅಭಿನವ ಪಂಪ

ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಆರೆಗಾನಿನ ಜಿಟಿಜಿಟಿ ಮಳೆಯಲ್ಲಿ ಅದು ಹೊರಗೆ ನೆನೆಯುತ್ತ ನಿಂತಿರುತ್ತದೆ. ಒಳಗೆ ಬೆಚ್ಚಗೆ ಮೂರು ಸ್ಟೀಲಿನ ಹಂಡೆಗಳು ಕೂತಿರುತ್ತವೆ. ಶನಿವಾರ ಬೆಳಿಗ್ಗೆ ಬಾರ್ಲಿ ಮಾಲ್ಟು ಒಡೆದು ಬೀರಿನ ಕೆಲಸಕ್ಕೆ ಇಳಿದೆನೆಂದರೆ ಸಂಜೆಯವರೆಗೆ ನಾನು ಯಾರ ಕೈಗೂ ಸಿಗುವವನಲ್ಲ. ಕಳ್ಳಭಟ್ಟಿ ಎಂದುಕೊಳ್ಳಬೇಡಿ. ಕಡಲೆಕಾಯಿ ಬೆಳೆಯುತ್ತಿದ್ದ ರೈತ, ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನಂತೆ, ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬೀರನ್ನು ಸುಂಕವಿಲ್ಲದೆ ಮಾಡಿಕೊಳ್ಳಬಹುದು. ನಾನು ಅದರ ಕಾಲುಭಾಗವನ್ನೂ ಮುಟ್ಟಿಲ್ಲ. ಊರಿನಲ್ಲಿರುವ ಅಪ್ಪನಿಗೆ ಮಾತ್ರ 'ಬಾರ್ಲಿ ಗಂಜಿ' ಎಂದು ಹೇಳಿಟ್ಟಿದ್ದೇನೆ. ಯೀಸ್ಟು ಬೀಳುವತನಕ ಅದು ಗಂಜಿಯೇ ತಾನೆ.

ಈ ಗಂಜಿಯನ್ನು ಹಂಡೆಯಿಂದ ಹಂಡೆಗೆ ಸಾಗಿಸುವುದೇ ತಾಪತ್ರಯ. ಒಂದು ಸಲಕ್ಕೆ 19 ಲೀಟರ್, ಸುಡುಸುಡು. ಮೊದಮೊದಲು ಹಂಡೆಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಇಟ್ಟು ಇಳಿಜಾರನ್ನೇ ನಂಬಿದ್ದೆ. ಒಂದು ದಿನ ನಾನು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಬಿಸಿನೀರು ಏರಿಸುತ್ತಿದ್ದುದನ್ನು ಹೆಂಡತಿ ನೋಡಿದಳು. "ರೀ, ಮೈಮೇಲೆ ಸುರಿದುಕೊಂಡರೆ ಆಸ್ಪತ್ರೆಗೆ ಓಡುವವಳು ನಾನು. ಒಂದು ಪಂಪ್ ತಗೊಳ್ಳಿ" ಎಂದಳು. ಅಪ್ಪಣೆಯಾದ ಮೇಲೆ ಇನ್ನೇನು!

ಆದರೆ ಪಂಪು ಎಂದರೆ ನನಗೆ ಹಳೆಯ ಹಗೆ. ನಮ್ಮದು ಅಡಿಕೆ ತೋಟ. ಕೆರೆಯ ದಡದಲ್ಲಿ ಐದು ಎಚ್ಪಿಯ ಪಂಪ್‌ಸೆಟ್ಟು. ರಾತ್ರಿ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡು ಪೈಪಿನ ನೀರೆಲ್ಲ ಇಳಿದು ಬೆಳಗಾಗುವಷ್ಟರಲ್ಲಿ ಗಾಳಿ ಹಿಡಿದಿರುತ್ತಿತ್ತು. ಕರೆಂಟು ಬಂದದ್ದೇ ತಡ ಅಪ್ಪ ನನ್ನನ್ನು ಅಟ್ಟುತ್ತಿದ್ದ. ಕೊಡದಿಂದ ಪಂಪಿನ ಬಾಯಿಗೆ ನೀರು ಹೊಯ್ಯಬೇಕು. ವಾಲ್ವಿನ ಸಂದು ಮುಚ್ಚಲೆಂದು ಕೆಲವು ಸಲ ಸಗಣಿ ಕದಡಿದ ನೀರನ್ನೂ ಕುಡಿಸಬೇಕು. ಗುಳುಗುಳು ನಿಂತು ಇನ್ನೇನು ನೀರು ಎತ್ತಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ದೊಡ್ಡವನಾದ ಮೇಲೆ ಯಾವ ಪಂಪಿಗೂ ನೀರು ಕುಡಿಸುವುದಿಲ್ಲವೆಂದು ಕೆರೆಯ ದಡದಲ್ಲೇ ಶಪಥ ಮಾಡಿದ್ದೆ.

ಹಾಗಾಗಿ ತಾನೇ ಎಳೆದುಕೊಳ್ಳುವ ಪಂಪನ್ನು ಹುಡುಕಿದೆ. ಸಿಕ್ಕಿತು: ಒಳಗೊಂದು ರಬ್ಬರಿನ ಪರದೆ ಮುಂದೆ ಹಿಂದೆ ಬಡಿಯುತ್ತ ನೀರನ್ನು ಹೀರುವ ಡಯಾಫ್ರಮ್ ಪಂಪು. ಮನೆಯಂಥ ಪ್ರವಾಸಿ ವಾಹನಗಳಲ್ಲಿ ಸಿಂಕಿಗೆ ನೀರು ಕೊಡುವಂಥದ್ದು. ಕನ್ನಡ ಎಂ.ಎ. ಮಾಡಿದ ಹೆಂಡತಿ ಅದಕ್ಕೆ 'ಆದಿ ಪಂಪ' ಎಂದು ಹೆಸರಿಟ್ಟಳು. ತಣ್ಣೀರಿನಲ್ಲಿ ಆದಿ ಪಂಪನ ಓಟ ಸೊಗಸಾಗಿತ್ತು. 67 ಡಿಗ್ರಿಯ ಮಾಲ್ಟು ರಸ ಒಳಗೆ ಹೋದದ್ದೇ ಟಕಟಕ ಸದ್ದು ಟಕ್... ಟಕ್... ಆಯಿತು. ಬಿಸಿಗೆ ರಬ್ಬರು ಸೊರಗಿತು, ಪುಟ್ಟ ವಾಲ್ವಿಗೆ ಬಾರ್ಲಿ ಹೊಟ್ಟು ಸಿಕ್ಕಿಕೊಂಡಿತು. ತಪ್ಪು ಅದರದ್ದಲ್ಲ. ಸಿಂಕಿನ ಕೆಲಸದವನನ್ನು ಒಲೆಯ ಮುಂದೆ ಕೂರಿಸಿದವನು ನಾನು.

ಆಮೇಲೆ ತಂದದ್ದು ಆಯಸ್ಕಾಂತದ ಪಂಪು. ಮಾರ್ಚ್ ಕಂಪನಿಯ 809 ಇಲ್ಲಿ ಮನೆಯಲ್ಲಿ ಬೀರು ಮಾಡುವವರಿಗೆಲ್ಲ ಗೊತ್ತು, ಆ ಜಾತಿಯದ್ದು. ಇದರ ಜಾಣತನ ನೋಡಿ: ಮೋಟಾರಿನ ದಂಡ ರಸದೊಳಕ್ಕೆ ಇಳಿಯುವುದೇ ಇಲ್ಲ. ಗೋಡೆಯ ಆಚೆ ಮೋಟಾರು ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಈಚೆ ರಸದಲ್ಲಿ ಮುಳುಗಿದ ಚಕ್ರಕ್ಕೆ ಅಂಟಿದ ಇನ್ನೊಂದು ಆಯಸ್ಕಾಂತ ಅದರ ಜೊತೆಗೆ ಸುತ್ತುತ್ತದೆ. ಗೋಡೆಯಲ್ಲಿ ದಂಡಕ್ಕೆಂದು ತೂತಿಲ್ಲ, ಆದ್ದರಿಂದ ಅಪ್ಪನ ಪಂಪಿನಂತೆ ಗ್ಲ್ಯಾಂಡಿನಲ್ಲಿ ತೊಟ್ಟಿಕ್ಕುವುದೂ ಇಲ್ಲ. ಬೀರಿಗೆ ಹಾಕುವ ಹಾಪ್ಸ್ ಹೂವಿನ ಎಸಳು ಸಿಕ್ಕಿ ಚಕ್ರ ನಿಂತರೆ ಆಯಸ್ಕಾಂತಗಳು ಒಂದನ್ನೊಂದು ಬಿಟ್ಟುಕೊಡುತ್ತವೆ, ಮೋಟಾರು ತನ್ನ ಪಾಡಿಗೆ ಸುತ್ತುತ್ತದೆ. ಮುಟ್ಟದೆ ಕೆಲಸ ಮಾಡಿಸುವ ಈ ವಿದ್ಯೆಯನ್ನು ಮೊದಲ ದಿನ ಅರ್ಧ ಗಂಟೆ ಸುಮ್ಮನೆ ನೋಡುತ್ತ ನಿಂತಿದ್ದೆ. ನಾಗಚಂದ್ರನ ಬಿರುದು ನೆನಪಾಗಿ ಹೆಂಡತಿ ಇದನ್ನು 'ಅಭಿನವ ಪಂಪ' ಎಂದಳು.

ಅಭಿನವ ಪಂಪನಿಗೆ ಒಂದೇ ಕೊರತೆ. ತಾನಾಗಿ ಎಳೆದುಕೊಳ್ಳಲಾರ. ನೀರು ಕುಡಿಸಬೇಕು! ಒಣಗಿ ಓಡಿದರೆ ಒಳಗಿನ ಬುಷ್ ಸವೆದು ಕೆಟ್ಟೇಹೋಗುತ್ತಾನೆ. ವೀಡಿಯೊ ಕರೆಯಲ್ಲಿ ಅಪ್ಪನಿಗೆ ತೋರಿಸಿದೆ.

"ಎಷ್ಟು ಎಚ್ಪಿನೋ?"

"ಇಪ್ಪತ್ತೈದರಲ್ಲಿ ಒಂದು."

ಅಪ್ಪನ ಒಂದು ಪಂಪನ್ನು ಒಡೆದರೆ ನನ್ನಂಥವು 125 ಆಗುತ್ತವೆ. ಅವನು ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. "ಗಾಳಿ ಹಿಡೀತದಾ?"

"ಹಿಡೀತದೆ ಅಪ್ಪ."

ಇಷ್ಟು ಸಂತೋಷವಾಗಿ ಅಪ್ಪ ನಕ್ಕದ್ದನ್ನು ಈಚೆಗೆ ನೋಡಿರಲಿಲ್ಲ. "ಪಾತ್ರೆ ಮೇಲಿರಲಿ, ಪಂಪು ಕೆಳಗಿರಲಿ. ನೀರು ತಾನಾಗೇ ಇಳೀತದೆ. ಕೊಡ ಹೊರೋದು ಬೇಡ" ಎಂದ. ನನ್ನ ಕೈಯಲ್ಲಿ ಕೊಡ ಹೊರಿಸಿ ಇಷ್ಟು ವರ್ಷವಾದ ಮೇಲೆ!

ಈಗ ಅಭಿನವ ಪಂಪ ನೆಲದಲ್ಲಿದ್ದಾನೆ, ಹಂಡೆಗಿಂತ ಎರಡಡಿ ಕೆಳಗೆ. ಅವನ ತಳ್ಳುವ ಶಕ್ತಿ ಹನ್ನೆರಡು ಅಡಿಯ ಆಸುಪಾಸು; ನನ್ನ ಹಂಡೆಗಳಿಗೆ ಅದು ಧಾರಾಳ. ಆದ್ದರಿಂದ ಎಚ್ಪಿಗೆ ದುಡ್ಡು ಸುರಿಯಬೇಡಿ, ತಲೆಗೆ ಸುರಿಯಿರಿ. ಪಂಪಿನ ತಲೆ ಪ್ಲಾಸ್ಟಿಕ್ಕಿನದಾದರೂ ಬಿಸಿ ತಡೆಯುತ್ತದೆ, ಆದರೆ ಹತ್ತು ಸಲ ಬಿಚ್ಚಿ ಹಾಕುವಾಗ ತಿರುಪಿನ ಮರೆ ಕೆಡುತ್ತದೆ, ಸ್ಟೀಲಿನದು ಉಳಿಯುತ್ತದೆ. ಹರಿವು ಕಡಿಮೆ ಮಾಡುವ ವಾಲ್ವನ್ನು ಪಂಪಿನಿಂದ ರಸ ಹೊರಬೀಳುವ ಕಡೆಗೇ ಹಾಕಿಸಿ. ಒಳಬರುವ ಕಡೆ ಹಿಡಿದರೆ ಅಲ್ಲಿ ಒತ್ತಡ ಕುಸಿದು, ಮೊದಲೇ ಕುದಿಯುವ ಅಂಚಿನಲ್ಲಿರುವ ರಸ ಗುಳ್ಳೆಯೇಳುತ್ತದೆ, ಜಲ್ಲಿಕಲ್ಲು ಅಲ್ಲಾಡಿಸಿದಂಥ ಸದ್ದು ಬಂದು ಗಾಳಿ ಹಿಡಿಯುತ್ತದೆ. ಇದನ್ನು ನಾನು ಎರಡು ಸಲ ಕಲಿತಿದ್ದೇನೆ.

ನಮ್ಮೂರ ಕಡೆ ಹೋದರೆ ಅಪ್ಪನಿಗೆ ಪಂಪಿನ ವಿಷಯ ಎಷ್ಟು ಬೇಕಾದರೂ ಹೇಳಿ. ಹಂಡೆಯಲ್ಲಿರುವುದು ಮಾತ್ರ ಬಾರ್ಲಿ ಗಂಜಿ.